ಅಪ್ಪನ ಕಾಲಡಿಯ ನೀರು

ಜಂಬಪ್ಪನನ್ನು ಮಣ್ಣು ಮಾಡಿ ಹದಿನೇಳು ದಿನವಾಗಿತ್ತು. ಅವತ್ತು ಮಧ್ಯಾಹ್ನ ಅವನ ಮಗ ರಾಮಾಂಜಿನಿ ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬರುತ್ತಿದ್ದ. ಬಿಸಿಲೆಂದರೆ ಬಿಸಿಲು, ಸ್ಟೇರಿಂಗ್ ಮುಟ್ಟಿದರೆ ಅಂಗೈ ಚುರುಗುಟ್ಟುವಂಥದ್ದು. ಒಬ್ಬನೇ ಇದ್ದಾಗ ಅವನು ಏಸಿ ಹಾಕುವವನಲ್ಲ. ಏಸಿ ಡೀಸೆಲ್ ಕುಡಿಯುತ್ತದೆ ಎಂದು ಲಾರಿ ಮಾಲೀಕ ಕೊಟ್ರಬಸಪ್ಪ ದಿನಾ ಕುಟುಕುತ್ತಿದ್ದ. ಆದರೆ ಅವತ್ತು ತಲೆ ಸುತ್ತಿ ಬಂದಂತಾಯಿತು, ಗಾಜು ಏರಿಸಿ ಗುಂಡಿ ಒತ್ತಿದ. ಒಂದು ತಾಸು ಕಳೆದಿರಬೇಕು. ತಿರುವಿನಲ್ಲಿ ಲಾರಿ ವಾಲಿದಾಗ ಎಡಗಡೆ ಚಳ್ ಎಂದು ಸಪ್ಪಳವಾಯಿತು. ಕತ್ತು ಹೊರಳಿಸಿ ನೋಡಿದರೆ ಎಡಗಡೆ ಸೀಟಿನ ಮುಂದಿನ ಮ್ಯಾಟು ಒದ್ದೆ.

ಅಪ್ಪ ಮತ್ತೆ ಮಾಡಿಕೊಂಡ ಅಂದುಕೊಂಡ. ಅಂದುಕೊಂಡು ಮುಗಿಸುವಷ್ಟರಲ್ಲೇ ಕಣ್ಣು ಮೇಲೆ ಹೋಯಿತು. ಸೀಟು ಖಾಲಿ ಇತ್ತು.

ಲಾರಿಯನ್ನು ಬದಿಗೆ ಹಾಕಿ, ಬಗ್ಗಿ ಮ್ಯಾಟಿನ ಮೇಲೆ ಅಂಗೈ ಇಟ್ಟ. ತಣ್ಣಗೆ ಕೊರೆಯುವ ನೀರು. ಮೂಗಿಗೆ ಹಿಡಿದ. ಸ್ವಲ್ಪ ಧೂಳಿನ ವಾಸನೆ, ಅಷ್ಟೇ. ಡ್ಯಾಶ್‌ಬೋರ್ಡಿನ ಅಡಿಯಿಂದ ಇನ್ನೂ ತೊಟತೊಟ ಬೀಳುತ್ತಿತ್ತು. ರಾಮಾಂಜಿನಿ ಆ ಒದ್ದೆ ಮ್ಯಾಟಿನ ಪಕ್ಕದಲ್ಲೇ ಕುಸಿದು ಕೂತ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು, ಬಾಯಿಗೆ ಬಂದಂತೆ ಬೈದು ಮುಂದೆ ಹೋದ. ಅದೂ ಇವನಿಗೆ ಕೇಳಿಸಲಿಲ್ಲ.

ಒಂದು ಚೂರು ನೀರಿಗೆ ಗಟ್ಟಿಮುಟ್ಟಾದ ಗಂಡಸು ಯಾಕೆ ಹಾಗೆ ಕುಸಿದು ಕೂರಬೇಕು ಅನ್ನುವುದು ತಿಳಿಯಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ವಡ್ಡು ಎಂಬ ಊರಿನಲ್ಲಿ ರಸ್ತೆಗೆ ಅಂಟಿಕೊಂಡ ಮನೆ ಅವರದು. ಇದ್ದವರು ಮೂರೇ ಜನ. ಜಂಬಪ್ಪ, ಅವನ ಹೆಂಡತಿ ಎರ್ರೆಮ್ಮ, ಮಗ ರಾಮಾಂಜಿನಿ. ಜಂಬಪ್ಪ ಇಪ್ಪತ್ತೆಂಟು ವರ್ಷ ಅದಿರು ಲಾರಿ ಓಡಿಸಿದವನು. ಆ ಕಾಲದ ಲಾರಿಗಳಲ್ಲಿ ಗಾಜು ಏರಿಸಿದರೆ ಎಂಜಿನ್ ಕಾವಿಗೆ ಬೇಯಬೇಕು, ಇಳಿಸಿದರೆ ಕೆಂಪು ಧೂಳು ತಿನ್ನಬೇಕು. ಅವನು ಇಪ್ಪತ್ತೆಂಟು ವರ್ಷ ತಿಂದ. ಕೊನೆಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಮಲಗಿದರೆ ಕೆಮ್ಮು. "ಧೂಳಿನಿಂದ ದೂರ ಇರ್ರಿ" ಎಂದರು ಹೊಸಪೇಟೆಯ ಡಾಕ್ಟರು. ಏನು ಚೆಂದದ ಮಾತು ನೋಡಿ! ಮನೆ ಮುಂದೆಯೇ ಅದಿರು ಲಾರಿ ಓಡಾಡುವ ರಸ್ತೆ, ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕೆಂಪು. ಬಡವ ದೂರ ಎಲ್ಲಿಗೆ ಹೋಗಬೇಕು?

ಜನವರಿಯಲ್ಲಿ ಕೊಟ್ರಬಸಪ್ಪ ಹೊಸ ಟಿಪ್ಪರ್ ತಂದು ರಾಮಾಂಜಿನಿಯ ಕೈಗೆ ಕೊಟ್ಟ. ಈಗೀಗ ಬರುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಇರುತ್ತದೆ. ಗಾಡಿ ತೋರಿಸಲೆಂದು ಮಗ ಅಪ್ಪನನ್ನು ಎತ್ತಿ ಕೂರಿಸಿ, ಗಾಜು ಏರಿಸಿ, ಸಂಡೂರಿನವರೆಗೆ ಒಂದು ಸುತ್ತು ಹಾಕಿಸಿದ. ಅರ್ಧ ದಾರಿಯಲ್ಲಿ ಜಂಬಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ.

"ಲೇ ರಾಮಾ, ಕೆಮ್ಮು ಬರವಲ್ದಲ್ಲೋ!"

"ಬರವಲ್ದಂದ್ರ ಸುಮ್ಕ ಕುಂದ್ರು. ಕರದು ಕರಸ್ಕೊಬ್ಯಾಡ."

"ನಾ ಇಷ್ಟು ವರ್ಷ ಹೊಡದದ್ದು ಲಾರಿ ಅಲ್ಲಲೇ, ಒಲಿ. ಇದು ನೋಡು ಲಾರಿ ಅಂದ್ರ!"

ಅಂದಿನಿಂದ ಬೆಳಗಾದರೆ ಸಾಕು, ಬಿಳಿ ಧೋತರ ಉಟ್ಟು, ನೀರಿನ ಬಾಟಲಿ ಹಿಡಿದು, ಮದುವೆಗೆ ಹೊರಟವನ ಹಾಗೆ ಎಡಗಡೆ ಸೀಟು ಹಿಡಿಯುತ್ತಿದ್ದ. ಅವನಿಗೆಂದೇ ಏಸಿ. ಡೀಸೆಲ್ ಮಾತು ಎತ್ತಿದ ಕೊಟ್ರಬಸಪ್ಪನಿಗೆ ರಾಮಾಂಜಿನಿ, "ನಮ್ಮಪ್ಪನ ಉಸ್ರು ರೀ ಅದು" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದ. ರಾತ್ರಿಯೂ ಕೆಮ್ಮು ಇಳಿಯಿತು. ಎರ್ರೆಮ್ಮ ದಿನಾ ಬೆಳಿಗ್ಗೆ ಲಾರಿಯ ಬಂಪರಿಗೆ ಕುಂಕುಮ ಇಟ್ಟು, ಕೈಮುಗಿದು, "ನನ್ನ ಗಂಡನ್ನ ಕಾಯೋ ದೇವ್ರು ನೀನಽ" ಅನ್ನುತ್ತಿದ್ದಳು. ಅವಳು ಅಂದದ್ದು ಪೂರಾ ನಿಜವೇ ಆಗಿತ್ತು.

ಮಾರ್ಚ್ ತಿಂಗಳ ಒಂದು ದಿನ ಮ್ಯಾಟು ಮೊದಲ ಸಲ ಒದ್ದೆಯಾಯಿತು. ಬಾಟಲಿ ಚೆಲ್ಲಿರಬೇಕೆಂದು ರಾಮಾಂಜಿನಿ ಒರೆಸಿದ. ಮರುದಿನವೂ ಒದ್ದೆ. ಮೂರನೆಯ ದಿನ ಅವನ ಮನಸ್ಸಿಗೆ ಬೇರೆಯದೇ ಹೊಳೆಯಿತು. ಹೋದ ಚಳಿಗಾಲದಲ್ಲಿ ಆಸ್ಪತ್ರೆಯಿಂದ ಬಂದ ರಾತ್ರಿ ಜಂಬಪ್ಪ ಒಮ್ಮೆ ಹಾಸಿಗೆ ಒದ್ದೆ ಮಾಡಿಕೊಂಡಿದ್ದ. ಅದೊಂದೇ ಸಲ. ಆದರೆ ಆ ಒಂದು ಸಲ ಮಗನ ತಲೆಯೊಳಗೆ ಗೂಟ ಹೊಡೆದುಕೊಂಡು ಕೂತಿತ್ತು.

ರಾಮಾಂಜಿನಿ ಕೆಟ್ಟವನಲ್ಲ, ಬಿಡಿ. ಆದರೆ ಅವತ್ತು ಅವನ ಬಾಯಿಗೆ ಏನು ಬಡಿದಿತ್ತೋ. ತೂಕದ ಕಾಟಾದ ಮುಂದೆ ಲಾರಿಗಳ ಸಾಲು, ಎರಡು ತಾಸಿನಿಂದ ಮುಂದಕ್ಕೆ ಹೋಗದ ಸಾಲು. ಅಪ್ಪನನ್ನು ಇಳಿಸಲೆಂದು ಬಾಗಿಲು ತೆಗೆದರೆ ಮ್ಯಾಟಿನಿಂದ ನೀರು ಮೆಟ್ಟಿಲಿಗೆ ಇಳಿಯಿತು.

"ತಡಕೊಳ್ಳಾಕ ಆಗಲ್ಲಂದ್ರ ಮೊದ್ಲ ಹೇಳ್ಬೇಕಿಲ್ಲೋ ಯಪ್ಪಾ! ಹೊಸಾ ಗಾಡಿ ಇದು! ದಿನಾ ನಿನ್ನ ಉಚ್ಚಿ ಒರಸೋದಽ ನನ್ನ ಡ್ಯೂಟಿ ಏನು?"

ಸುತ್ತ ಬೀಡಿ ಸೇದುತ್ತ ನಿಂತಿದ್ದ ಡ್ರೈವರುಗಳು ತಿರುಗಿ ನೋಡಿದರು. ಒಬ್ಬ ಕಿಸಕ್ಕನೆ ನಕ್ಕ. ಅವರಲ್ಲಿ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನೇ ಜಂಬಪ್ಪ.

"ನಾನಲ್ಲಪ್ಪಾ" ಎಂದ ಜಂಬಪ್ಪ. ಬಗ್ಗಿ ತನ್ನ ಧೋತರ ನೋಡಿಕೊಂಡ. ಅಂಚೆಲ್ಲ ಒದ್ದೆ. ಮುಟ್ಟಿ ನೋಡಿಕೊಂಡ. ದನಿ ಸಣ್ಣದಾಯಿತು. "ನಂಗ ಗೊತ್ತಽ ಆಗ್ಲಿಲ್ಲಲ್ಲೋ."

ಅಂಚು ಮಾತ್ರ ಒದ್ದೆ ಇತ್ತು. ಮೊಣಕಾಲಿನಿಂದ ಮೇಲೆ ಧೋತರ ಒಣಗಿತ್ತು, ಸೀಟೂ ಒಣಗಿತ್ತು. ರಾಮಾಂಜಿನಿ ಅದನ್ನು ಕಣ್ಣಾರೆ ನೋಡಿದ್ದ. ನೋಡಿಯೂ ತಲೆಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಜಂಬಪ್ಪ ಒಂದು ಗೊಬ್ಬರದ ಚೀಲ ತಂದು ಸೀಟಿಗೆ ಹಾಸಿಕೊಂಡು ಕೂರತೊಡಗಿದ. ನೀರಿನ ಬಾಟಲಿ ತರುವುದನ್ನು ಬಿಟ್ಟ. ಬಾಯಿ ಒಣಗಿದರೆ ನಾಲಿಗೆಯಿಂದ ತುಟಿ ಸವರಿಕೊಳ್ಳುವನು, ಅಷ್ಟೇ. ಆದರೂ ಕಾಲಡಿ ಒದ್ದೆಯಾಗುತ್ತಿತ್ತು. ಆಗುವುದೇ ತಾನೆ! ಮನೆಗೆ ಬರುವ ಮುಂಚೆ ಕಾಲುವೆ ಹತ್ತಿರ ಲಾರಿ ನಿಲ್ಲಿಸಲು ಹೇಳಿ, ಇಳಿದು, ಧೋತರದ ಅಂಚು ಹಿಂಡಿಕೊಂಡು ಬರುತ್ತಿದ್ದ. "ಕಾಲು ತೊಳ್ಕೊಂಡೆ" ಎಂದು ಹೆಂಡತಿಗೆ ಹೇಳುತ್ತಿದ್ದ. ಎರ್ರೆಮ್ಮನಿಗೆ ಏನೂ ಗೊತ್ತಾಗಲಿಲ್ಲ. ಚೊಂಬು ತುಂಬಿ ತಂದರೆ, "ಬ್ಯಾಡ, ಹೊಟ್ಟಿ ತುಂಬೇತಿ" ಅನ್ನುವನು. ಏಪ್ರಿಲ್ ಕೊನೆಗೆ, "ನಾ ಒಲ್ಲೆ, ನೀ ಹೋಗಪ್ಪ. ಗಾಡಿ ಹೊಸಾದೈತಿ" ಎಂದು ಮನೆಯಲ್ಲೇ ಉಳಿದ. ರಾಮಾಂಜಿನಿ ಒಂದು ಮಾತಿಗೂ ಬಾ ಅನ್ನಲಿಲ್ಲ. ಒಬ್ಬನೇ ಆದ ಮೇಲೆ ಏಸಿಯನ್ನೂ ಹಾಕಲಿಲ್ಲ. ಹಾಕದ ಮೇಲೆ ನೀರೂ ಬೀಳಲಿಲ್ಲ. ಮ್ಯಾಟು ಒಣಗಿದ್ದು ನೋಡಿ, ತಾನು ತಿಳಿದದ್ದೇ ಖರೆ ಎಂದುಕೊಂಡ.

ಬಾಗಿಲ ಮುಂದಿನ ಧೂಳು, ಆ ಸೆಕೆ. ಹನ್ನೆರಡೇ ದಿನ ತಡೆದ ಜಂಬಪ್ಪ. ಹದಿಮೂರನೆಯ ದಿನ ಆಸ್ಪತ್ರೆಗೆ ಒಯ್ದರೆ ಸೂಜಿ ಚುಚ್ಚಲು ನರ ಸಿಗಲಿಲ್ಲ. "ಮೈಯಾಗ ನೀರಽ ಇಲ್ಲಲ್ರೀ. ಯಾಕ, ಇವ್ರು ನೀರು ಕುಡೀತಿದ್ದಿಲ್ಲೇನು?" ಎಂದು ಡಾಕ್ಟರು ಕೇಳಿದಾಗ ಎರ್ರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಎಷ್ಟು ಬಡ್ಕೊಂಡ್ರೂ ಕುಡೀಲಿಲ್ರೀ" ಎಂದಳು. ರಾಮಾಂಜಿನಿ ಗೋಡೆ ನೋಡುತ್ತ ನಿಂತ. ಅಪ್ಪ ಬಾಟಲಿ ತರುವುದನ್ನು ಬಿಟ್ಟದ್ದು ಆಗಲೇ ಅವನಿಗೆ ನೆನಪಾಗಿತ್ತು. ಆದರೂ ವಯಸ್ಸಾದವರ ಹಟ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಈಗ ಖಾಲಿ ಸೀಟಿನ ಮುಂದೆ ನೀರು ನಿಂತಿತ್ತು.

ಅದಿರು ಇಳಿಸಿದವನೇ ನೆಟ್ಟಗೆ ಹೊಸಪೇಟೆಗೆ ಲಾರಿ ತಿರುಗಿಸಿದ. ಸಂಡೂರು ರಸ್ತೆಯಲ್ಲಿ ಪಕ್ಕೀರಪ್ಪನದು ಏಸಿ ರಿಪೇರಿಯ ಶೆಡ್ಡು. ಐವತ್ತು ದಾಟಿದ ಮನುಷ್ಯ, ಬಾಯಿ ಜೋರು, ಕೈ ಚೊಕ್ಕ.

"ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಆಗೇತಿ?"

"ಏಸಿ ನೀರು ಒಳಗ ಬೀಳಾಕತ್ತೈತಿ, ಪಕ್ಕೀರಣ್ಣ. ಯಾಕ ಬೀಳ್ತೈತಿ ಹೇಳು."

"ಅದಕ್ಯಾಕ ಇಷ್ಟು ಗಾಬ್ರಿ? ತಣ್ಣನ್ನೀರಿನ ಚೊಂಬು ಹೊರಗ ಬೆವರ್ತೈತಲ್ಲ, ಹಂಗ ಒಳಗಿನ ಕಾಯಿಲ್ ಬೆವರ್ತೈತಿ. ಆ ನೀರು ಹೊರಗ ಹೋಗಾಕ ಸಣ್ಣದೊಂದು ರಬ್ಬರ್ ಪೈಪ್ ಇರ್ತೈತಿ, ಗಾಡಿ ಕೆಳಗ ತೊಟ್ಟು ತೊಟ್ಟು ಬೀಳ್ತಿರ್ತೈತಿ. ಬೀಳಬೇಕು ಅದು. ಪೈಪ್ ಕಟ್ಟಿದ್ರ ನೀರು ತಿರುಗಿ ಒಳಗ ಬಂದು ಎಡಗಡಿ ಕುಂತಾರ ಕಾಲ ಮ್ಯಾಲೆ ಬೀಳ್ತೈತಿ. ಎಷ್ಟು ದಿನ ಆತು?"

"ಮಾರ್ಚಿಂದ."

"ಮಾರ್ಚಿಂದ! ಮತ್ತ ಎಡಗಡಿ ಕುಂತಾರು ಏನೂ ಅನ್ಲಿಲ್ಲೇನು?"

"ಅಂದಿದ್ರು" ಎಂದ ರಾಮಾಂಜಿನಿ. "ನಾನಽ ಕೇಳ್ಲಿಲ್ಲ."

ಪಕ್ಕೀರಪ್ಪ ಗೋಣಿ ತಟ್ಟು ಹಾಸಿಕೊಂಡು ಲಾರಿಯ ಅಡಿಗೆ ಸರಿದ. ಸ್ವಲ್ಪ ಹೊತ್ತಿಗೆ ಅಡಿಯಿಂದಲೇ ನಕ್ಕ.

"ಲೇ, ಧೂಳಲ್ಲೋ ಇದು! ಯಾರೋ ಬೇಕಂತಽ ಚಿಂದಿ ಜಡಿದಾರ! ಸಾಬೂನು ಬ್ಯಾರೆ ಮೆತ್ಯಾರ. ಹಳೇ ಡ್ರೈವರ್ ಕೈ ಇದು. ಡೀಸಲ್ ಟ್ಯಾಂಕ್ ತೂತು ಬಿದ್ರ ಹಿಂಗಽ ಮುಚ್ತಿದ್ರು. ಶಭಾಷ್, ಏನು ಗಂಟು ಹಾಕ್ಯಾರಲೇ!"

ಕತ್ತರಿ ಹಾಕಿ ಗಂಟು ಕತ್ತರಿಸಿ ಚಿಂದಿ ಜಗ್ಗಿದ. ಪೈಪಿನೊಳಗೆ ಕಟ್ಟಿ ನಿಂತಿದ್ದ ನೀರು ಬುಳುಬುಳು ಸುರಿದು, ಶೆಡ್ಡಿನ ಮಣ್ಣಿನಲ್ಲಿ ಹರಿದು, ರಾಮಾಂಜಿನಿಯ ಚಪ್ಪಲಿ ತೋಯಿಸಿತು. ಒಂದು ಚೊಂಬಿನಷ್ಟಿತ್ತು. ಪಕ್ಕೀರಪ್ಪ ಗಾಳಿ ಹೊಡೆದು ಪೈಪ್ ಚೊಕ್ಕ ಮಾಡಿದ, ಒಳಗೆ ಒಂದು ಮಗ್ಗು ನೀರು ಹಾಕಿ ಸರಾಗ ಇಳಿಯುವುದನ್ನು ತೋರಿಸಿದ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಅಪ್ಪನ ಜೀವ ಹತ್ತು ನಿಮಿಷದ ಕೆಲಸದಲ್ಲಿ ಇತ್ತು ಅನ್ನುವುದು ರಾಮಾಂಜಿನಿಗೆ ಆ ಶೆಡ್ಡಿನ ಬಾಗಿಲಲ್ಲಿ ಅರ್ಥವಾಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೂ ಬಾಕಿ ಇತ್ತು. ಅಪ್ಪನೇ ಹಳೆಯ ರೂಢಿಯಲ್ಲಿ ಕಟ್ಟಿರಬೇಕೆಂದುಕೊಂಡು ರಾಮಾಂಜಿನಿ ಚಿಂದಿಯನ್ನು ನಲ್ಲಿಯ ಕೆಳಗೆ ಹಿಡಿದ. ಸಾಬೂನು ಕರಗಿತು, ಕೆಂಪು ಕೆಸರು ಹೋಯಿತು, ಒಳಗಿನಿಂದ ಹಸಿರು ಬಣ್ಣ ಎದ್ದಿತು. ಹಸಿರಿಗೆ ಸಣ್ಣ ಹಳದಿ ಅಂಚು. ಕಂಪ್ಲಿಯ ತವರಿನವರು ಅವ್ವನಿಗೆ ಕೊಟ್ಟ ಸೀರೆ ಅದು, ಉಟ್ಟು ಉಟ್ಟು ಹಿಂಜಿ ಹೋಗಿದ್ದದ್ದು.

ತಕ್ಷಣ ಎಲ್ಲ ಗೊತ್ತಾಯಿತು. ಹಿಂದೆ ಅಪ್ಪ ಹಳೇ ಲಾರಿಯ ಅಡಿಯಲ್ಲಿ ಮಲಗಿ, "ಎರ್ರೀ, ಸಾಬೂನು ತಾ" ಎಂದು ಕೂಗುತ್ತಿದ್ದ. ಅವ್ವ ಬಟ್ಟೆ ಸಾಬೂನಿನ ತುಂಡು ನಾದಿಕೊಂಡು, ಚಿಂದಿ ಹರಿದುಕೊಂಡು ಓಡುತ್ತಿದ್ದಳು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಏಸಿ ಗಾಡಿ ಎಂದರೇನೆಂದು ಅವಳಿಗೆ ಯಾರು ಹೇಳಿದ್ದರು? ಹೊಸ ಲಾರಿ ಅಡಿಯಿಂದ ನೀರು ತೊಟ್ಟಿಕ್ಕಿದ್ದು ನೋಡಿದಳು. ಗಂಡ ಕಲಿಸಿದ ಹಾಗೆ ಮುಚ್ಚಿದಳು.

"ನೀರು ಬಿತ್ತು ಅಂದ್ರ ಏಸಿ ಸರಿ ಐತಿ ಅಂತ ತಿಳ್ಕೋ" ಎಂದು ಪಕ್ಕೀರಪ್ಪ ಕೈ ಒರೆಸಿಕೊಂಡ. "ಆ ಚಿಂದಿ ಒಗಿ ಅತ್ಲಾಗ." ರಾಮಾಂಜಿನಿ ಅದನ್ನು ಹಿಂಡಿ ಜೇಬಿಗೆ ಹಾಕಿಕೊಂಡ.

ವಡ್ಡು ತಲುಪುವವರೆಗೆ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಮಾತು. ಅಪ್ಪನನ್ನು ಕಳಕೊಂಡದ್ದು ತನ್ನ ನಾಲಿಗೆಯಿಂದ, ಅದನ್ನು ತಾನು ಹೊತ್ತುಕೊಳ್ಳಬೇಕು, ಹೊತ್ತುಕೊಳ್ಳುತ್ತಾನೆ. ಆದರೆ ಈ ಚಿಂದಿ ಏನು ಮಾಡಿತು ಅನ್ನುವುದು ಅವ್ವನಿಗೆ ತಿಳಿಯಕೂಡದು. ತಿಳಿದರೆ ಆಕೆ ಉಳಿಯುವವಳಲ್ಲ.

ಮನೆ ಮುಂದೆ ಲಾರಿ ನಿಲ್ಲಿಸಿದಾಗ ಹೊತ್ತು ಮುಳುಗುತ್ತಿತ್ತು. ದಾರಿಯೆಲ್ಲ ಏಸಿ ಹಾಕಿಕೊಂಡೇ ಬಂದಿದ್ದ. ನೀರು ಬೀಳುವುದನ್ನು ಕಿವಿಯಿಂದ ಕೇಳಬೇಕೆಂಬ ಹುಚ್ಚು ಅದು. ಕೈಕಾಲು ತೊಳೆದು ಹೊರಗೆ ಬಂದರೆ ಎರ್ರೆಮ್ಮ ಲಾರಿಯ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಸಾಬೂನಿನ ತುಂಡು, ಇನ್ನೊಂದರಲ್ಲಿ ಹಸಿರು ಚಿಂದಿ.

"ಮತ್ತ ಸೋರಾಕತ್ತೈತಿ ನೋಡಪ್ಪಾ ರಾಮಾ."

ಅವನು ಚಿಂದಿ ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡ. "ಬಿಡವ್ವಾ, ಏನಾಗಲ್ಲ."

"ಏನಾಗಲ್ಲ ಅಂತಿ! ಆವಾಗೂ ಹಿಂಗಽ ಸೋರತಿತ್ತು. ನಾನಽ ಕಟ್ಟಿದ್ದೆ, ನಿಮಗಿಬ್ರಿಗೂ ಹೇಳಿದ್ದಿಲ್ಲ. ನಿಮ್ಮಪ್ಪ ಕೇಳಿದ್ರ ಹೊಸಾ ಗಾಡಿ ಮುಟ್ಟಬ್ಯಾಡ ಅಂತ ಬೈತಿದ್ದ." ಎರ್ರೆಮ್ಮ ಮೂಗೆಳೆದಳು. "ನೀರೆಲ್ಲಾ ಸೋರಿ ದಾರ್ಯಾಗ ಗಾಡಿ ನಿಂತ್ರ, ಅವಂಗ ಉಸ್ರು ಎಲ್ಲಿಂದ ಬರಬೇಕಪ್ಪಾ? ಅದಕ್ಕ ಕಟ್ಟಿದ್ದೆ. ಎಲ್ಲೋ ಬಿಚ್ಚಿ ಬಿದ್ದೈತಿ."

ಈ ನೀರು ಬೀಳಲೇಬೇಕವ್ವಾ ಎಂದು ಒಂದು ಮಾತು ಹೇಳಿದರೆ ಮುಗಿಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ರಾಮಾಂಜಿನಿಗೂ ಅನ್ನಿಸಿತು, ಆ ಮಾತು ನಾಲಿಗೆ ತುದಿಗೂ ಬಂತು. ಆದರೆ ಎರ್ರೆಮ್ಮ ದಡ್ಡಿಯಲ್ಲ. ಹಂಗಾರ ನಾ ಕಟ್ಟಿದ್ದಾಗ ಆ ನೀರು ಎಲ್ಲಿಗೆ ಹೋಗತಿತ್ತು ಎಂದು ಕೇಳುತ್ತಾಳೆ. ಕೇಳೇ ಕೇಳುತ್ತಾಳೆ. ಆ ಪ್ರಶ್ನೆಯ ಹಿಂದೆಯೇ ಒದ್ದೆ ಧೋತರ, ಕುಡಿಯದ ನೀರು, ಡಾಕ್ಟರ ಮಾತು ಎಲ್ಲ ಸಾಲಾಗಿ ಬರುತ್ತವೆ.

"ತಾ ಇಲ್ಲಿ, ನಾ ಕಟ್ತೀನಿ" ಎಂದ.

"ನಿನಗ ಬರಂಗಿಲ್ಲ. ನಿಮ್ಮಪ್ಪನ ಗಂಟು ನಂಗಷ್ಟಽ ಬರ್ತೈತಿ" ಎಂದು ಆಕೆ ಸಾಬೂನನ್ನು ಅವನ ಕೈಗಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಲಾರಿಯ ಅಡಿಗೆ ಸರಿದಳು. ಅರವತ್ತು ದಾಟಿದ ಹೆಂಗಸು. ಒಳಗಿನಿಂದ ಕೈ ಚಾಚಿದಳು. "ರಾಮಾ, ಸಾಬೂನು ತಾ."

ರಾಮಾಂಜಿನಿ ಸಾಬೂನನ್ನು ಅಂಗೈಯಲ್ಲಿ ನಾದಿ ಕೊಟ್ಟ. ಕಣ್ಣೀರು ಅದರ ಮೇಲೇ ಬಿತ್ತು. ಆಕೆಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಬಂಪರಿಗೆ ಕುಂಕುಮ ಇಟ್ಟು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಳು. ಊರು ದಾಟಿ, ಕಾಲುವೆ ಹತ್ತಿರ, ಅಪ್ಪ ಧೋತರ ಹಿಂಡಿಕೊಳ್ಳುತ್ತಿದ್ದ ಜಾಗದಲ್ಲೇ ರಾಮಾಂಜಿನಿ ಲಾರಿ ನಿಲ್ಲಿಸಿದ. ಅಡಿಗೆ ಸರಿದು ಗಂಟು ಬಿಚ್ಚಿದ. ಸಂಜೆ ಎರ್ರೆಮ್ಮ ಮತ್ತೆ ಬಗ್ಗಿ ನೋಡಿ, "ಬಿಚ್ಚೇತಲ್ಲೋ!" ಎಂದಳು. "ದಾರಿ ಸರಿ ಇಲ್ಲವ್ವಾ, ಕುಲುಕ್ತೈತಿ" ಎಂದ. ಆಕೆ ಮತ್ತೆ ಕಟ್ಟಿದಳು. ಹಾಗೇ ನಡೆಯಿತು, ದಿನಾ ಸಂಜೆ ಕಟ್ಟುವುದು, ದಿನಾ ಬೆಳಿಗ್ಗೆ ಬಿಚ್ಚುವುದು. ಗಂಡ ಹೋದ ಮೇಲೆ ಮೂಲೆ ಹಿಡಿದು ಕೂತಿದ್ದ ಎರ್ರೆಮ್ಮ ಈಗ ಲಾರಿ ಬರುವ ಹೊತ್ತಿಗೆ ಎದ್ದು ಹೊರಗೆ ಬಂದು ಕಾಯುತ್ತಿದ್ದಳು.

ಒಂದು ವಾರಕ್ಕೆ ಹಸಿರು ಸೀರೆಯ ಚಿಂದಿ ಮುಗಿಯಿತು. ಎಂಟನೆಯ ಬೆಳಿಗ್ಗೆ ಕಾಲುವೆ ಹತ್ತಿರ ಅಡಿಗೆ ಸರಿದು ಗಂಟು ಬಿಚ್ಚಿದಾಗ ಅವನ ಕೈಗೆ ಬಂದದ್ದು ಬಿಳಿ ಬಟ್ಟೆ. ಅಪ್ಪನ ಧೋತರ. ಅಂಚಿನ ಕಡೆಯಿಂದಲೇ ಹರಿದಿದ್ದಳು. ಪೈಪಿನ ನೀರಿಗೆ ನೆನೆದು ಒದ್ದೆಯಾಗಿತ್ತು.

ರಾಮಾಂಜಿನಿ ಅದನ್ನು ಮುಖಕ್ಕೆ ಒತ್ತಿಕೊಂಡು, ಲಾರಿಯ ಅಡಿಯಲ್ಲೇ, ಬೆನ್ನ ಕೆಳಗಿನ ಹರಳುಕಲ್ಲು ಚುಚ್ಚುತ್ತಿದ್ದರೂ ಏಳದೆ, ದೊಡ್ಡ ದನಿಯಲ್ಲಿ ಅತ್ತ. "ನೀನಲ್ಲ ಯಪ್ಪಾ" ಎಂದ. "ನೀನಲ್ಲೋ, ನೀನಲ್ಲ." ಎಷ್ಟು ಸಲ ಅಂದನೋ. ಕಾಟಾದ ಮುಂದೆ ಅಷ್ಟು ಜನರ ಎದುರು ಅನ್ನಬೇಕಾಗಿದ್ದ ಮಾತು ಅದು. ಕೇಳಲು ಅಲ್ಲಿ ಕಾಲುವೆಯ ನೀರು ಬಿಟ್ಟರೆ ಯಾರೂ ಇರಲಿಲ್ಲ.

ಆಮೇಲೆ ಎದ್ದು, ಮುಖ ತೊಳೆದುಕೊಂಡು, ಧೋತರದ ಚೂರನ್ನು ಎಡಗಡೆ ಸೀಟಿನ ಮೇಲೆ ಒಣಹಾಕಿದ. ಗಾಜು ಏರಿಸಿ ಏಸಿ ಹಾಕಿದ. ಸಂಜೆಯೊಳಗೆ ಬಟ್ಟೆ ಒಣಗುತ್ತದೆ, ಸಂಜೆಗೆ ಅವ್ವ ಇನ್ನೊಂದು ಚೂರು ಹರಿದು ಇಟ್ಟುಕೊಂಡಿರುತ್ತಾಳೆ. ಅವನು ಗೇರ್ ಹಾಕಿ ಸಂಡೂರಿನ ಕಡೆಗೆ ಹೊರಟ. ಲಾರಿಯ ಅಡಿಯಿಂದ ನೀರು ರಸ್ತೆಯ ಮೇಲೆ ಬೀಳುತ್ತ ಹೋಯಿತು.